ಮರುಬಳಕೆ ಕೋಡ್ ಮೀಮಾಂಸೆ: ದಾವಣಗೆರೆ ಮತ್ತು ಹರಿಹರ ಪಂಥಗಳು

ಮರುಬಳಕೆಯ ಕೋಡ್ ಎಂದರೆ ಒಂದು ಪ್ರಾಜೆಕ್ಟಿಗೆಂದು ಬರೆದದ್ದು ಮತ್ತೆ ನಾಲ್ಕಾರಕ್ಕೆ ಸಲ್ಲುವಂಥದ್ದು: ಲಾಗಿನ್ ಪುಟ, ದಿನಾಂಕದ ಲೆಕ್ಕ, ಮೊಬೈಲ್ ನಂಬರಿಗೆ ಹತ್ತು ಅಂಕಿ ಇದೆಯೇ ಎಂಬ ಪರೀಕ್ಷೆ. ಅದನ್ನು ಎಲ್ಲಿಡಬೇಕು ಎಂಬ ವಿಷಯದಲ್ಲಿ ಎರಡು ಪಂಥಗಳಿವೆ. ಪಂಥಭೇದದ ಅಗಲ ರಸ್ತೆಯ ಮೇಲೆ ಸುಮಾರು 14 ಕಿಲೋಮೀಟರ್.

ದಾವಣಗೆರೆ ಪಂಥದ ಸಿದ್ಧಾಂತ ನಕಲು. 1951ರಲ್ಲೇ ಎಂಜಿನಿಯರಿಂಗ್ ಕಾಲೇಜು ಕಂಡ ಊರಿನಲ್ಲಿ ಅದು ಗುರುಮುಖೇನ ಬಂದದ್ದಲ್ಲ, ಸೀನಿಯರ್‌ಮುಖೇನ ಬಂದದ್ದು, ವಾಹನ ಪೆನ್‌ಡ್ರೈವ್. ಪಂಥದ ಭಂಡಾರದಲ್ಲಿ ‘ಕಾಮನ್’, ‘ಕಾಮನ್ ನ್ಯೂ’, ‘ಕಾಮನ್ ನ್ಯೂ ಫೈನಲ್’, ‘ಫೈನಲ್ 2’ ಎಂಬ ಸ್ತರಗಳು ಸಿಗುತ್ತವೆ. ಇವುಗಳ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬರೆದವನಿಗಂತೂ ಗುರುತೇ ಸಿಗದು. ಗುಣ: ಒಬ್ಬನ ಎಡವಟ್ಟು ಇನ್ನೊಬ್ಬನ ಪ್ರಾಜೆಕ್ಟನ್ನು ಕೆಡಿಸದು. ದೋಷ: ಒಂದು ನಕಲಿನಲ್ಲಿ ಸತ್ತ ಬಗ್ ಉಳಿದವುಗಳಲ್ಲಿ ಚಿರಂಜೀವಿ. ಬೆಂಗಳೂರಿನ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡುಗಳ ಸ್ಥಿತಿಯೂ ಇದೇ. ಮೂಲದವರು ಹಿಟ್ಟಿನ ಹದ ಸರಿಪಡಿಸಿದರೆ ಆ ಸುದ್ದಿ ಅಲ್ಲಿನ ಯಾವ ಹಂಚಿಗೂ ಮುಟ್ಟುವುದಿಲ್ಲ.

ಹರಿಹರ ಪಂಥದ್ದು ಏಕತ್ವ: ಎಲ್ಲ ಪ್ರಾಜೆಕ್ಟುಗಳಿಗೂ ಒಂದೇ ಲೈಬ್ರರಿ. ಮೂಲಪ್ರಮಾಣ ಗುಹಾಸುರನ ಕಥೆ. ಹರಿಯಿಂದಾಗಲಿ ಹರನಿಂದಾಗಲಿ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದಿದ್ದ ಅಸುರನನ್ನು ಮುಗಿಸಲು ಇಬ್ಬರೂ ಒಂದೇ ದೇಹವಾದರು: ಬಲಭಾಗ ಶಿವ, ಎಡಭಾಗ ವಿಷ್ಣು. ಇಬ್ಬರೂ ಕೂಡಿ ಬಂದರೇನು ಗತಿ ಎಂಬ ಷರತ್ತನ್ನು ಪರೀಕ್ಷಿಸದೆ ವರ ಕೊಟ್ಟದ್ದು ಬ್ರಹ್ಮನ ಬಗ್. ಕೂಡಿದ್ದು ಮೊದಲ ಮರ್ಜ್ ಎಂದು ಭಾಷ್ಯ. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಇದಕ್ಕೆ ದೇವಾಲಯ ಕಟ್ಟಿಸಿದ. ಎಂಟುನೂರು ವರ್ಷಗಳಲ್ಲಿ ಒಂದೂ ಕಾನ್‌ಫ್ಲಿಕ್ಟ್ ಬಂದಿಲ್ಲ. ಮರ್ಜ್ ಆದಮೇಲೆ ಎರಡೂ ಕಡೆಯವರು ತಿದ್ದುವುದನ್ನು ನಿಲ್ಲಿಸಿದ್ದೇ ಕಾರಣ. ಈ ಸಂಯಮ ಮನುಷ್ಯರಲ್ಲಿ ಕಂಡುಬಂದಿಲ್ಲ.

ತಂತ್ರಾಂಶಕ್ಕೂ ಕಾರ್ಖಾನೆಯ ಬಿಡಿಭಾಗಗಳಂಥವು ಬೇಕೆಂದು ಡಗ್ಲಸ್ ಮೆಕಿಲ್ರಾಯ್ ಹೇಳಿದ್ದು 1968ರಲ್ಲಿ, ಜರ್ಮನಿಯ ಗಾರ್ಮಿಷ್ ಸಮ್ಮೇಳನದಲ್ಲಿ. 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ಲೇತ್ ಯಂತ್ರಗಳಿಗೆ ಹೆಸರಾದ ಹರಿಹರ ಇದನ್ನು ತಡವಾದ ಅನುಮೋದನೆಯೆಂದು ಪರಿಗಣಿಸುತ್ತದೆ.

ಪಂಥದ ಆಚಾರಗಳು ಕಠಿಣ. ಲೈಬ್ರರಿಗೆ ಪ್ರತ್ಯೇಕ ಗಿಟ್ ಭಂಡಾರ, ಮೂರಂಕಿಯ ವರ್ಷನ್: ಮೊದಲನೆಯದು ಬದಲಾದರೆ ಹಳೆಯ ಬಳಕೆ ಮುರಿಯಬಹುದು, ಎರಡನೆಯದು ಹೊಸ ಸೌಲಭ್ಯ, ಮೂರನೆಯದು ರಿಪೇರಿ. ಪ್ರತಿ ಪ್ರಾಜೆಕ್ಟೂ ತನಗೆ ಯಾವ ವರ್ಷನ್ ಬೇಕೆಂದು ಸಂಕಲ್ಪ ಮಾಡಿರಬೇಕು. ಸಬ್‌ಮಾಡ್ಯೂಲ್ ಎಂಬ ಉಪಾಸನೆಯೂ ಉಂಟು. ಅದರಲ್ಲಿ ಮುಖ್ಯ ಭಂಡಾರ ಕೋಡನ್ನು ಇಟ್ಟುಕೊಳ್ಳದೆ ಇಂಥ ಕಮಿಟ್ ಎಂಬ ಗುರುತನ್ನಷ್ಟೇ ಇಟ್ಟುಕೊಳ್ಳುತ್ತದೆ. ಹೆಚ್ಚುವರಿ ಆದೇಶ ಮರೆತು ಕ್ಲೋನ್ ಮಾಡಿದ ಭಕ್ತನಿಗೆ ಖಾಲಿ ಫೋಲ್ಡರಿನ ನಿರಾಕಾರ ದರ್ಶನ.

ಮಾರ್ಚ್ 2016ರಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ತುಣುಕನ್ನು ಅದರ ಕರ್ತೃ ಎನ್‌ಪಿಎಂ ಭಂಡಾರದಿಂದ ತೆಗೆದಾಗ ಜಗತ್ತಿನ ಸಾವಿರಾರು ಪ್ರಾಜೆಕ್ಟುಗಳು ನಿಂತವು. ದಾವಣಗೆರೆ ಪಂಥ ಇದನ್ನು ಇಂದಿಗೂ ಎತ್ತಿ ಆಡುತ್ತದೆ. ಹರಿಹರದ ಸಮಾಧಾನ: ಬೇಕಾದ ಲೈಬ್ರರಿಯ ಒಂದು ಪ್ರತಿಯನ್ನು ಪ್ರಾಜೆಕ್ಟಿನೊಳಗೇ ಇಟ್ಟುಕೊಳ್ಳತಕ್ಕದ್ದು. ಇದು ನಕಲೇ ಎಂಬ ಆಕ್ಷೇಪಕ್ಕೆ ಅದಕ್ಕೆ ಬೇರೆ ಹೆಸರಿದೆ ಎಂಬುದು ಉತ್ತರ.

ಮೂರನೆಯ ಪ್ರಾಜೆಕ್ಟಿಗೂ ಬೇಕಾದ ಮೇಲೆಯೇ ಕೋಡನ್ನು ಲೈಬ್ರರಿ ಮಾಡಬೇಕೆಂಬ ಸೂತ್ರ ಉಭಯ ಪಂಥಗಳಿಗೂ ಮಾನ್ಯ. ಆ ಲೈಬ್ರರಿಯ ಪಾಲನೆ ಯಾರದೆಂಬ ಪ್ರಶ್ನೆಗೆ ಎರಡರಲ್ಲೂ ಸೂತ್ರವಿಲ್ಲ; ರೂಢಿಯಲ್ಲಿ ಅದು ಕೊನೆಯ ಬಾರಿ ಮುಟ್ಟಿದವನ ಕೊರಳಿಗೆ.