ಉತ್ತರ ಖರೆ, ಫೈಲ್ ಬ್ಯಾರೆ!

ಪ್ರೋಗ್ರಾಮಿಂಗ್ ಸ್ಪರ್ಧೆಯೊಳಗ ಲೆಕ್ಕಕ್ಕಿಂತ ಫೈಲಿನ ಕಾಟನ ಜಾಸ್ತಿ. ಕೆಲವು ಕಡೆ ‘ಇನ್‌ಪುಟ್’ ಫೈಲಿನಿಂದ ಓದಿ ‘ಔಟ್‌ಪುಟ್’ ಫೈಲಿಗೆ ಬರೀಬೇಕು. ಹೆಸರಿನಾಗ ಒಂದಕ್ಷರ ತಪ್ಪಿದ್ರ ಸೊನ್ನಿ. ಲಕ್ಷ್ಮೇಶ್ವರಕ್ಕ ಹೋಗಾಂವ ಗದಗ ಬಸ್‌ಸ್ಟ್ಯಾಂಡಿನಾಗ ಮುಂಡರಗಿ ಬಸ್ ಹತ್ತಿದಂಗ.

ಗೂಗಲ್ ಕೋಡ್ ಜಾಮ್ ಸ್ಪರ್ಧೆ 2017ರ ತನಕ ಇನ್‌ಪುಟ್ ಫೈಲನ್ನ ಕೈಯಾಗ ಕೊಟ್ಟು, ಉತ್ತರ ಕಳಸಾಕ ಸಣ್ಣದಕ್ಕ 4 ನಿಮಿಷ, ದೊಡ್ಡದಕ್ಕ 8 ನಿಮಿಷ ಗಡುವು ಇಡತಿತ್ತು. ಅಷ್ಟರಾಗ ಬೆಟಗೇರ್ಯಾಗ ಕರೆಂಟ್ ಹೋದ್ರ ಮುಗೀತು ಕಥಿ!

ಈಗ ಬಹಳಷ್ಟು ಕಡೆ ಫೈಲಿನ ಗೊಡವಿ ಇಲ್ಲ. ಸ್ಟ್ಯಾಂಡರ್ಡ್ ಇನ್‌ಪುಟ್ಟಿನಿಂದ ಓದಿ ಸ್ಟ್ಯಾಂಡರ್ಡ್ ಔಟ್‌ಪುಟ್ಟಿಗೆ ಬರೆದ್ರ ಸಾಕು. ಆದ್ರ ಮನ್ಯಾಗ ಪ್ರಾಕ್ಟೀಸಿಗಂತ ಹಾಕಿದ, ಇನ್‌ಪುಟ್-ಔಟ್‌ಪುಟ್ಟನ್ನ ಫೈಲಿನ ಕಡೆ ತಿರುಗಿಸೋ ಎರಡು ‘ಫ್ರೀಓಪನ್’ ಸಾಲು ಕೋಡಿನಾಗ ಹಂಗ ಉಳಿದಿರತಾವ. ಉತ್ತರ ಫೈಲಿನಾಗ ಆರಾಮ ಕುಂತಿರತೈತಿ, ಜಡ್ಜ್ ಬ್ಯಾರೆ ಬಾಗಲಾ ಕಾಯತಿರತೈತಿ.

ಶಿರಹಟ್ಟಿ, ಮುಂಡರಗಿ ಹುಡುಗ್ರಾ, ಸಬ್ಮಿಟ್ ಒತ್ತೂಕಿಂತ ಮೊದಲ ಕೋಡಿನಾಗ ಆ ಎರಡು ‘ಫ್ರೀಓಪನ್’ ಸಾಲು ನೋಡಿಕೊಳ್ರೆಪಾ!