ಪರ್ಸಿಯ ಕೆಳಗಿನ ನಿಧಿ

ಮಕ್ಕಳ ಪತ್ತೇದಾರಿ ಕಥೆಯನ್ನು, ಅಂದರೆ ಕಳವನ್ನೋ ಗುಟ್ಟನ್ನೋ ದೊಡ್ಡವರಿಗಿಂತ ಮೊದಲು ಮಕ್ಕಳೇ ಬಯಲಿಗೆಳೆಯುವ ಕಥೆಯನ್ನು, ಹಳೆಯ ಚರ್ಚೊಂದರಲ್ಲಿ ಬಿಡುಗಡೆ ಮಾಡುವುದು ವಿಚಿತ್ರವೆನಿಸಿದರೂ ಈ ಎರಡಕ್ಕೂ ಹಳೆಯ ನಂಟಿದೆ, ಇಂಗ್ಲಿಷಿನಲ್ಲಿ ಜಿ. ಕೆ. ಚೆಸ್ಟರ್ಟನ್ ಸೃಷ್ಟಿಸಿದ, 1911ರಲ್ಲಿ ಮೊದಲ ಕಥಾಸಂಕಲನ ಕಂಡ ಫಾದರ್ ಬ್ರೌನ್ ಎಂಬ ಪತ್ತೇದಾರ ಪಾದ್ರಿಯೇ ಆಗಿದ್ದನು, ಇಂಥ ಕಥೆಗಳಿಗೆ 1929ರಲ್ಲಿ ಹತ್ತು ಕಟ್ಟಳೆಗಳನ್ನು ಬರೆದ ರೊನಾಲ್ಡ್ ನಾಕ್ಸ್ ಕೂಡ ಕ್ಯಾಥೊಲಿಕ್ ಪಾದ್ರಿಯೇ. ಸೇಡಂ ತಾಲೂಕಿನ ಕುರಕುಂಟಾದ ಚಹಾದಂಗಡಿಯಲ್ಲಿ ನಡೆದ ಈ ಸಂವಾದದಲ್ಲಿ ಪಾತ್ರಗಳು ಎರಡೇ: ಮಕ್ಕಳ ಕಾದಂಬರಿಯೊಂದನ್ನು ಬರೆದು ಮುಗಿಸಿರುವ ಮಾಸ್ತರರು, ಮತ್ತು ಪರ್ಸಿ, ಅಂದರೆ ಶಹಾಬಾದ್ ಕಲ್ಲಿನ ಹಾಸುಗಲ್ಲು, ಕೂಡಿಸುವುದರಲ್ಲಿ ಆಯುಷ್ಯ ಕಳೆದ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಮೇಸ್ತ್ರಿ ಕಾಕಾ. ಆಡುಮಾತನ್ನು ಗ್ರಂಥಭಾಷೆಗೆ ತಿರುಗಿಸುವಾಗ ಬೈಗುಳಗಳೆಲ್ಲ ಉದುರಿಹೋಗಿರುವುದರಿಂದ ಕಾಕಾನ ವಾದಕ್ಕೆ ತುಸು ನಷ್ಟವಾಗಿದೆ.

ಮಾಸ್ತರರು: ಕಾಕಾ, ಪುಸ್ತಕದ ಬಿಡುಗಡೆಗೆ ಊರಿನ ಶಾಲೆ ಸಾಲದು, ಕಥೆ ನಡೆಯುವುದು ಮುದಗಲ್ಲಿನ ಚರ್ಚಿನಲ್ಲಾದ್ದರಿಂದ ಸಮಾರಂಭವೂ ಅಲ್ಲಿಯೇ ಆಗುವುದು ಉಚಿತ. ಮುದಗಲ್ಲಿನ ಕೋಟೆಗಾಗಿ ವಿಜಯನಗರದವರೂ ಬಿಜಾಪುರದ ಆದಿಲಶಾಹಿಗಳೂ ಕಾದಾಡುತ್ತಿದ್ದ ಕಾಲದಲ್ಲಿ, 1557ರಲ್ಲಿ, ಜೆಸ್ವಿಟರು, ಅಂದರೆ ಯೇಸುಸಭೆ ಎಂಬ ಸಂಘದ ಪಾದ್ರಿಗಳು, ಆ ಚರ್ಚನ್ನು ಕಟ್ಟಿದರೆಂದು ಪ್ರತೀತಿಯಿದೆ.

ಕಾಕಾ: ಪ್ರತೀತಿ ಇರಲಿ ಮಾಸ್ತರರೇ, ಮೊದಲು ದಾರಿ ಹೇಳಿರಿ.

ಮಾಸ್ತರರು: ಇಲ್ಲಿಂದ ವಾಡಿ ಜಂಕ್ಷನ್‌ವರೆಗೆ ಪ್ಯಾಸೆಂಜರ್, ವಾಡಿಯಿಂದ ರಾಯಚೂರಿಗೆ ಇನ್ನೊಂದು ರೈಲು, ರಾಯಚೂರಿನಿಂದ ಲಿಂಗಸುಗೂರಿನ ಮೇಲೆ ಬಸ್ಸು, ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಫಾದರ್ ಅಪ್ಪಣೆ ಕೊಟ್ಟರೆ ಸಮಾರಂಭ.

ಕಾಕಾ: ಹಾಗಾದರೆ ಪತ್ತೇದಾರಿ ವಾಡಿಯಲ್ಲಿಯೇ ಶುರುವಾಗುತ್ತದೆ, ಏಕೆಂದರೆ ನಲವತ್ತು ಹುಡುಗರನ್ನು ಆ ಜಂಕ್ಷನ್ನಿನಲ್ಲಿ ಇಳಿಸಿ ಎಣಿಸಿ ಹತ್ತಿಸುವಷ್ಟರಲ್ಲಿ ಇಬ್ಬರು ಸೊಲ್ಲಾಪುರದ ಗಾಡಿಯಲ್ಲಿರುತ್ತಾರೆ, ಬುತ್ತಿಯ ಚೀಲ ಅವರ ಕೈಯಲ್ಲಿರುತ್ತದೆ. ಅದಿರಲಿ, ಕಥೆ ಏನು?

ಮಾಸ್ತರರು: 1565ರ ತಾಳಿಕೋಟೆಯ ಯುದ್ಧದ ಗದ್ದಲದಲ್ಲಿ ಸೈನಿಕನೊಬ್ಬ ಚರ್ಚಿನ ನೆಲದ ಪರ್ಸಿ ಎಬ್ಬಿಸಿ ಅದರಡಿ ಹೊನ್ನು ಹೂತಿಡುತ್ತಾನೆ, ನಾಲ್ಕೂವರೆ ಶತಮಾನದ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಮೂರು ಸುರಂಗಗಳನ್ನು ದಾಟಿ ಬಂದು ಅದೇ ಪರ್ಸಿಯನ್ನು ಎತ್ತುತ್ತಾಳೆ.

ಕಾಕಾ: ಮೂರು ಸುರಂಗವೇ?

ಮಾಸ್ತರರು: ಇಲ್ಲಿ ಸಣ್ಣದೊಂದು ಅಡ್ಡಿಯಿದೆ, ನಾಕ್ಸ್ ಪಾದ್ರಿಗಳ ಕಟ್ಟಳೆಯ ಪ್ರಕಾರ ಒಂದು ಕಥೆಯಲ್ಲಿ ಒಂದಕ್ಕಿಂತ ಹೆಚ್ಚು ಗುಪ್ತ ಕೋಣೆಯಾಗಲಿ ಸುರಂಗವಾಗಲಿ ಇರಕೂಡದು, ದೆವ್ವ ಭೂತಗಳಂತೂ ಕೂಡದೇ ಕೂಡದು.

ಕಾಕಾ: ಆ ಪಾದ್ರಿಗಳು ಅಗೆತದ ಕೂಲಿ ಬಲ್ಲವರಿರಬೇಕು. ನಮ್ಮ ಕಡೆಯ ಯಾವ ಕೋಟೆಗೆ ಹೋದರೂ ಅಲ್ಲಿಂದ ಇನ್ನೊಂದು ಕೋಟೆಗೆ ಸುರಂಗವಿದೆ ಎನ್ನುತ್ತಾರೆ, ಬಾಯಿ ತೋರಿಸಿರಿ ಎಂದರೆ ಮುಚ್ಚಿಹೋಗಿದೆ ಎನ್ನುತ್ತಾರೆ. ಎರಡು ಸುರಂಗ ಮುಚ್ಚಿಸಿಬಿಡಿರಿ. ಈಗ ಆ ಹುಡುಗಿಯ ಮಾತು: ಪರ್ಸಿಯ ಅಳತೆ ಎಷ್ಟು?

ಮಾಸ್ತರರು: 2 ಅಡಿ ಚೌಕ, ಒಂದೂವರೆ ಇಂಚು ದಪ್ಪ.

ಕಾಕಾ: ಅದು 35 ಕಿಲೊಗೆ ಕಡಿಮೆ ತೂಗುವುದಿಲ್ಲ, ಹುಡುಗಿ 25 ಕಿಲೊ ಇದ್ದರೆ ಹೆಚ್ಚು.

ಮಾಸ್ತರರು: ಸತ್ಯವನ್ನು ಕಾಣುವ ಉತ್ಸಾಹದಲ್ಲಿ ಎತ್ತುತ್ತಾಳೆ.

ಕಾಕಾ: ಉತ್ಸಾಹಕ್ಕೆ ಕಲ್ಲು ಏಳುವುದಾಗಿದ್ದರೆ ಶಹಾಬಾದಿನ ಖಣಿಗಳಲ್ಲಿ ಕೂಲಿಗಳ ಬದಲು ಕವಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಅವಳ ಕೈಗೆ ಒಂದು ಹಾರೆ ಕೊಡಿರಿ.

ಶಹಾಬಾದ್ ಕಲ್ಲು ನೆಲದೊಳಗೆ ಪದರಪದರವಾಗಿ ಮಲಗಿರುವ ಸುಣ್ಣದ ಕಲ್ಲು. ಪದರ ಬಿಡಿಸಿದರೆ ತಾನಾಗಿಯೇ ಹಾಸುಗಲ್ಲಾಗುತ್ತದೆ, ಪುಡಿ ಮಾಡಿ ಜೇಡಿಯೊಡನೆ ಸುಟ್ಟರೆ ಸಿಮೆಂಟಿಗೆ ಮೂಲವಾಗುತ್ತದೆ, ವಾಡಿ, ಶಹಾಬಾದ್, ಸೇಡಂ ಸುತ್ತ ಇಷ್ಟೊಂದು ಸಿಮೆಂಟ್ ಕಾರ್ಖಾನೆಗಳೆದ್ದದ್ದೂ ಕುರಕುಂಟಾದಲ್ಲಿ ಒಂದು ಕಾರ್ಖಾನೆ ನಡೆದು ನಿಂತದ್ದೂ ಈ ಕಲ್ಲಿನ ನೆಲೆಯ ಮೇಲೆಯೇ. ಮುದಗಲ್ಲಿನ ನೆಲ ಬೇರೆ, ಅಲ್ಲಿನದು ಗಟ್ಟಿ ಗ್ರಾನೈಟಿನ ಸೀಮೆ. ಈ ವ್ಯತ್ಯಾಸವನ್ನು ಮಾಸ್ತರರು ಭೂಗೋಳದ ಪಾಠದಲ್ಲಿ ಹೇಳುತ್ತಿದ್ದರೂ ಕಾದಂಬರಿಯಲ್ಲಿ ಮರೆತಿದ್ದರು.

ಕಾಕಾ: ವಾಡಿಯ ಕಡೆಯಿಂದ ರೈಲು ರಾಯಚೂರು ಮುಟ್ಟಿದ್ದು ಯಾವಾಗ, ಮಾಸ್ತರರೇ?

ಮಾಸ್ತರರು (ಪ್ರಶ್ನೆ ಕೇಳಿದೊಡನೆ ಉತ್ತರಿಸುವ ಚಟದಿಂದ): 1871ರಲ್ಲಿ, ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ಕೂಡಿದ್ದು ರಾಯಚೂರಿನಲ್ಲಿಯೇ.

ಕಾಕಾ: ಹಾಗಿದ್ದರೆ 1565ರಲ್ಲಿ ನಿಮ್ಮ ಸೈನಿಕನ ಕಾಲ ಕೆಳಗೆ ಶಹಾಬಾದ್ ಕಲ್ಲು ಹೇಗೆ ಬಂತು? ಕಲ್ಲೇ ತುಂಬಿದ ಊರಿಗೆ ಎತ್ತಿನ ಗಾಡಿಯಲ್ಲಿ ಕಲ್ಲು ಹೇರಿಕೊಂಡು ಭೀಮಾ, ಕೃಷ್ಣಾ ಎರಡು ಹೊಳೆ ದಾಟಿಸುವ ಹುಚ್ಚ ಯಾರು?

ಮಾಸ್ತರರು: ಅದನ್ನು ಗ್ರಾನೈಟ್ ಎಂದು ತಿದ್ದಿದರಾಯಿತು.

ಕಾಕಾ: ತಿದ್ದಿರಿ. ಆಮೇಲೆ?

ಮಾಸ್ತರರು: ತಿದ್ದಲಾಗದು ಕಾಕಾ, ಮುಖ್ಯ ಸುಳಿವೇ ಕೆಟ್ಟುಹೋಗುತ್ತದೆ. ಕಳ್ಳನ ಲೋಟದಿಂದ ಲಿಂಬೆ ಶರಬತ್ತು ಚೆಲ್ಲಿ ಪಾಲಿಶ್ ಹಾರಿಹೋದ ಬಿಳಿಚು ಬಳೆಯೊಂದು ನೆಲದ ಮೇಲೆ ಉಳಿದಿರುತ್ತದೆ, ಹುಡುಗಿ ಅದನ್ನು ನೋಡಿಯೇ ಜಾಗ ಗುರುತಿಸುತ್ತಾಳೆ. ಹುಳಿ ಸುಣ್ಣದ ಕಲ್ಲನ್ನು ತಿನ್ನುತ್ತದೆ, ಗ್ರಾನೈಟನ್ನು ಹಾಗೆ ತಿನ್ನುವುದಿಲ್ಲ.

ಕಾಕಾ: ಈ ಸುಳಿವು ಮಾತ್ರ ಅಪ್ಪಟ. ಹುಣಸೆ ಹುಳಿಯಿಂದ ನೆಲ ತಿಕ್ಕಿ ಪಾಲಿಶ್ ಕಳೆದುಕೊಂಡು ಕಲ್ಲೇ ಖೋಟಾ ಎಂದು ಜಗಳಕ್ಕೆ ಬಂದ ಮನೆಗಳೆಷ್ಟೋ. ಹಾಗಾದರೆ ನೆಲ ಸುಣ್ಣದ ಕಲ್ಲೇ ಇರಲಿ, ಆದರೆ ಅದನ್ನು ರೈಲು ಬಂದ ಮೇಲೆ, ಹಳೆಯ ನೆಲ ಕಿತ್ತು ಹಾಸಿದ್ದು ಎಂದಾಗಬೇಕು.

ಮಾಸ್ತರರು: ಹಳೆಯ ನೆಲ ಕಿತ್ತಿದ್ದರೆ 1565ರ ಹೊನ್ನು ಆಗಲೇ ಸಿಕ್ಕಿರಬೇಕಲ್ಲ?

ಕಾಕಾ: ಸಿಕ್ಕಿರಬೇಕು.

ಮಾಸ್ತರರು: ಸಿಕ್ಕರೂ ಯಾರಿಗೂ ಹೇಳದೆ, ಹೊಸ ಪರ್ಸಿಯ ಕೆಳಗೆ ಮತ್ತೆ ಬಚ್ಚಿಟ್ಟು, ಯಾವ ಕಲ್ಲು ಎಂಬ ಗುರುತನ್ನು ತನ್ನಲ್ಲಿಯೇ ಇಟ್ಟುಕೊಂಡವನು ಒಬ್ಬನೇ ಇರಲು ಸಾಧ್ಯ.

ಕಾಕಾ: ಯಾರು?

ಮಾಸ್ತರರು: ಪರ್ಸಿ ಹಾಸಿದ ಮೇಸ್ತ್ರಿ.

ಕಾಕಾ ಅರ್ಧ ಚಹಾ ಉಳಿದಿದ್ದ ಬಸಿಯನ್ನು ಕೆಳಗಿಟ್ಟು, ನಾಕ್ಸ್ ಪಾದ್ರಿಗಳ ಹತ್ತು ಕಟ್ಟಳೆಗಳಲ್ಲಿ ಮೇಸ್ತ್ರಿಯನ್ನು ಕಳ್ಳನನ್ನಾಗಿ ಮಾಡಕೂಡದೆಂಬುದು ಇದೆಯೇ ಎಂದು ವಿಚಾರಿಸಲು, ಮಾಸ್ತರರು ಬೆರಳು ಮಡಚಿ ಎಣಿಸಿ ನೋಡಿ ಇಲ್ಲವೆಂದು ತಲೆಯಾಡಿಸಿದರು.

ಕಾಕಾ: ಹಾಗಿದ್ದರೆ ಆ ಮೇಸ್ತ್ರಿ ತಾಂಡೂರಿನವನು ಎಂದು ಬರೆಯಿರಿ, ಮುದಗಲ್ಲಿನ ಬಸ್ಸಿನ ಖರ್ಚಿಗೆ ಇನ್ನೂರು ರೂಪಾಯಿ ಈ ಕಡೆಯಿಂದ.