‘ನಾನು ಸೊನ್ನೆಯಲ್ಲ ಸ್ವಾಮಿ!’

ಸ್ಯಾಟಲೈಟ್ ಪಾಯಿಂಟ್‌ನವರ ಕಾಟ ನಿಮ್ಮೂರಿಗೂ ಬಂದಿರಬೇಕು, ಹೆಚ್ಚು ಹೇಳುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ಹುಡುಕುತ್ತಾ ಹೊಲ ಸುತ್ತುತ್ತಿದ್ದವರೇ ಈಗ ಟ್ಯಾಬ್ ಹಿಡಿದು ಸುತ್ತುತ್ತಾರೆ. ಆಗ ಕಾಯಿ ಎದ್ದು ನಿಲ್ಲುತ್ತಿತ್ತು, ಈಗ ಟ್ಯಾಬ್ ಕುಯ್ ಅನ್ನುತ್ತದೆ. ದಕ್ಷಿಣೆ ಮಾತ್ರ ಹೆಚ್ಚಾಗಿದೆ.

ಶಿಡ್ಲಘಟ್ಟದ ಹತ್ತಿರ ನಮ್ಮ ಭಾವನ ಹಿಪ್ಪುನೇರಳೆ ತೋಟದಲ್ಲಿ ಹೀಗೆ ಕುಯ್ ಅಂದ ನಾಲ್ಕನೇ ಬೋರೂ ಫೇಲಾದ ವಾರ ಅವರ ಮಗ ರಜೆಗೆ ಬಂದ. ಬೆಂಗಳೂರಿನಲ್ಲಿ ಕೂತು ಎಣ್ಣೆ ಕಂಪನಿಗಳಿಗೆ ನಕ್ಷೆ ಮಾಡಿಕೊಡುವುದು ಅವನ ಉದ್ಯೋಗ. ಲ್ಯಾಪ್‌ಟಾಪಿನಲ್ಲಿ ಇಡೀ ದೇಶದ ನಕ್ಷೆ ತೆರೆದಿತ್ತು. ಮಣ್ಣು-ಮರಳಿನ ಪದರ ದಪ್ಪವಿದ್ದಷ್ಟೂ ನೀಲಿ ಗಾಢ: ಕೃಷ್ಣಾ-ಗೋದಾವರಿ ಕರಾವಳಿ, ಕಾವೇರಿ ಮುಖಜಭೂಮಿ, ರಾಜಸ್ಥಾನದ ಬಾಡಮೇರ್. ನಮ್ಮ ರಾಜ್ಯದಲ್ಲಿ ಬಾಗಲಕೋಟೆ, ಕಲಬುರಗಿ ಕಡೆ ಕಲಾದಗಿ, ಭೀಮಾ ಅಂತ ಸಣ್ಣ ತೇಪೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು? ಬಣ್ಣವೇ ಇಲ್ಲ. ಬಾಣದ ಗುರುತನ್ನು ನಮ್ಮೂರ ಮೇಲಿಟ್ಟೆ. ಒಂದು ಅಂಕಿ ಮೇಲೆದ್ದಿತು: -9999.

ಹುಡುಗ ಕಾಫಿಗೆ ಎದ್ದ. ನಾನು ಸಂದರ್ಶನಕ್ಕೆ ಕೂತೆ.

ನಮಸ್ಕಾರ. ತಾವು ಯಾರು?

ಮೈನಸ್ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಮಾಹಿತಿ ಇಲ್ಲದ ಕಡೆ ಸಾಫ್ಟ್‌ವೇರ್‌ನವರು ನನ್ನನ್ನು ಕೂರಿಸುತ್ತಾರೆ. ದಯವಿಟ್ಟು ನನ್ನನ್ನು ಸೊನ್ನೆ ಅಂತ ಮಾತ್ರ ಬರೆಯಬೇಡಿ. ಸೊನ್ನೆ ಅಂದರೆ ಅಳೆದು ನೋಡಿ, ಏನೂ ಸಿಗದೆ, ಸಹಿ ಹಾಕಿದ್ದು. ನಾನು ಅಂದರೆ ಯಾರೂ ಅಳೆದೇ ಇಲ್ಲ.

ಇಲ್ಲಿ ಪೆಟ್ರೋಲ್ ಸಿಗುವ ಆಸೆ ಏನಾದರೂ...

ಸಿಗೋದಿಲ್ಲ ಬಿಡಿ. ಹಳೇ ಸಮುದ್ರದ ಪಾಚಿ ಸತ್ತು, ಕೆಸರಲ್ಲಿ ಹೂತು, ಅದರ ಮೇಲೆ ಕಿಲೋಮೀಟರ್‌ಗಟ್ಟಲೆ ಹೂಳು ಕೂತು, ಅರವತ್ತರಿಂದ ನೂರಿಪ್ಪತ್ತು ಡಿಗ್ರಿ ಕಾವಿನಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ನಿಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವವರನ್ನು ಕೇಳಿ: ಕಾವು ಕಡಿಮೆಯಾದರೆ ಎಳೆ ಬಿಡೋದಿಲ್ಲ, ಹೆಚ್ಚಾದರೆ ಗೂಡೇ ಕೆಟ್ಟಿತು. ನಿಮ್ಮ ಬಂಡೆಯೋ, ಲಾಲ್‌ಬಾಗ್ ಬಂಡೆಯ ನೆಂಟ. ಇನ್ನೂರೈವತ್ತು, ಮುನ್ನೂರು ಕೋಟಿ ವರ್ಷದ ಹಿಂದೆ ಕುಲುಮೆಯಲ್ಲೇ ಬೆಂದದ್ದು. ಅದಿರಲಿ, ನನ್ನ ವಿಷಯಕ್ಕೆ ಬರೋಣ. ಒಮ್ಮೆ ಒಬ್ಬ ಹೊಸ ಹುಡುಗ ನಾನು ಖಾಲಿ ಅನ್ನುವುದನ್ನು ಸಾಫ್ಟ್‌ವೇರಿಗೆ ಹೇಳಲು ಮರೆತ. ಅದು ನನ್ನನ್ನು ಆಳ ಅಂದುಕೊಂಡಿತು. 1478 ಮೀಟರ್ ಎತ್ತರದ ನಂದಿ ಬೆಟ್ಟದ ಬುಡದಲ್ಲಿ ಹತ್ತು ಕಿಲೋಮೀಟರ್ ಗುಂಡಿ! ಒಂದು ಗಂಟೆ ಕಾಲ ಚಿಕ್ಕಬಳ್ಳಾಪುರವೇ ದೇಶದ ಅತಿ ಆಳದ ಎಣ್ಣೆ ಬಟ್ಟಲು. ನಾನೇನು ಮಾಡಿದ್ದೆ ಸ್ವಾಮಿ?

ಬಟ್ಟಲು ಅಂದಿರಿ, ನಮ್ಮ ಕೆರೆ ನೆನಪಾಯಿತು. ಈ ಜಿಲ್ಲೆಯಲ್ಲಿ ಎಚ್.ಎನ್. ಅಂದರೆ ಒಂದು ಕಾಲಕ್ಕೆ ಗೌರಿಬಿದನೂರು ತಾಲ್ಲೂಕು ಹೊಸೂರಿನ ನರಸಿಂಹಯ್ಯನವರು. ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಕ್ಕೇ ಪುರಾವೆ ಕೇಳಿದವರು. ಈಗ ಎಚ್.ಎನ್. ಅಂದರೆ ಬೆಂಗಳೂರಿನ ಹೆಬ್ಬಾಳ-ನಾಗವಾರದ ಚರಂಡಿ ನೀರು. ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಾರೆ. ಮೂರನೇ ಹಂತ ಎಲ್ಲಿ ಅಂತ ಕೇಳಿದರೆ...

ಇದು ಪ್ರಶ್ನೆಯಾ?

ಆ ನೀರು ಬಿಟ್ಟ ಕಂದವಾರ ಕೆರೆ ನೋಡಿದ್ದೀರಾ? ನಮಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆ? 2014ರಲ್ಲಿ ನಮ್ಮ ಜಿಲ್ಲೆಯಲ್ಲೇ ಶಂಕುಸ್ಥಾಪನೆ. 8,323 ಕೋಟಿ ಅಂದದ್ದು 23,251 ಕೋಟಿ ದಾಟಿತು. 2024ರ ಗೌರಿ ಹಬ್ಬದ ದಿನ ಮೊದಲ ಹಂತದ ಉದ್ಘಾಟನೆ, ಅದೂ ಸಕಲೇಶಪುರದಲ್ಲಿ. ಬಾಗಿನ ಅಲ್ಲಿ, ಬಾಯಾರಿಕೆ ಇಲ್ಲಿ.

ನೀವು ಕೂಗಾಡಿ ಮುಗಿಸಿದ ಮೇಲೆ ಹೇಳಿ, ನಾನು ಕಾಯುತ್ತೇನೆ. ನನಗೆ ಅಭ್ಯಾಸ.

ಸರಿ, ಕ್ಷಮಿಸಿ. ಎಣ್ಣೆಯವರು ನಕ್ಷೆ ಮಾಡುವುದು ಹೇಗೆ?

ನೆಲ ನಡುಗಿಸಿ, ಕೆಳಗಿನಿಂದ ಬರುವ ಪ್ರತಿಧ್ವನಿ ಕೇಳಿ. ನಿಮ್ಮವರಿಗೆ ಇದು ಹೊಸದಲ್ಲ. ಗೌರಿಬಿದನೂರಿನಲ್ಲಿ 1965ರಿಂದ ಪರಮಾಣು ಇಲಾಖೆಯವರು ಬಂಡೆಗೆ ಕಿವಿ ಹಚ್ಚಿ ಕೂತಿದ್ದಾರಲ್ಲ, ದೂರದ ದೇಶದವರು ನೆಲದೊಳಗೆ ಬಾಂಬ್ ಸಿಡಿಸಿದರೂ ಕೇಳಲಿ ಅಂತ. ಇಲ್ಲಿಯ ಬಂಡೆ ಅಷ್ಟು ಗಟ್ಟಿ, ಅಷ್ಟು ಮೌನ. ಪ್ರತಿಧ್ವನಿ ಕೇಳಿದ ಮೇಲೆ ಕೊರೆಯುತ್ತಾರೆ. ಕೊರೆದದ್ದನ್ನೆಲ್ಲ ಪದರ ಪದರವಾಗಿ ಕಂಪ್ಯೂಟರಿಗೆ ತುಂಬುತ್ತಾರೆ. ಎರಡು ಬಾವಿಯ ನಡುವೆ ಏನಿರಬಹುದು ಅಂತ ಸಾಫ್ಟ್‌ವೇರ್ ಅಂದಾಜು ಹಾಕುತ್ತದೆ.

ಒಣ ಬಾವಿ ಬಂದರೆ?

(ಇಲ್ಲಿ ಅದರ ದನಿ ಬದಲಾಯಿತು.)

ಅದನ್ನೂ ಬರೆದಿಡುತ್ತಾರೆ! ಒಣ ಬಾವಿಗೆ ಸುರಿದದ್ದೂ ದುಡ್ಡೇ, ಅದಕ್ಕೇ ಅದನ್ನು ಮರೆಯೋದಿಲ್ಲ. ಎಷ್ಟನೇ ಮೀಟರಿಗೆ ಯಾವ ಕಲ್ಲು, ಯಾಕೆ ಬರಲಿಲ್ಲ, ಎಲ್ಲ ದಾಖಲೆ. 2017ರಲ್ಲಿ ಸರ್ಕಾರ ಇದಕ್ಕೇ ಒಂದು ರಾಷ್ಟ್ರೀಯ ದತ್ತಾಂಶ ಭಂಡಾರ ತೆರೆಯಿತು. ಪರದೇಶದ ಕಂಪನಿಯೂ ತೆಗೆದು ನೋಡಬಹುದು. ನಿಮ್ಮೂರಲ್ಲಿ? ತಿರುಚೆಂಗೋಡಿನ ಲಾರಿ ರಾತ್ರಿ ಬರುತ್ತದೆ. ಸಾವಿರ ಅಡಿ, ಸಾವಿರದ ಇನ್ನೂರು, ಬರೀ ಪುಡಿ. ‘ನೀಳ್ಳು ರಾಲೇದು’ ಅಂತ ಒಬ್ಬ ಹೇಳುತ್ತಾನೆ, ಲಾರಿ ಪಕ್ಕದ ಹೊಲಕ್ಕೆ ಹೋಗುತ್ತದೆ. 1859ರಲ್ಲಿ ಅಮೆರಿಕದ ಡ್ರೇಕ್ ಅನ್ನುವವನಿಗೆ 69 ಅಡಿಗೆ ಎಣ್ಣೆ ಸಿಕ್ಕಿತ್ತು ಸ್ವಾಮಿ. ಇಲ್ಲಿ ಓಲೆ ಅಡವಿಟ್ಟವನಿಗೆ ಸಾವಿರದೈನೂರು ಅಡಿಗೂ ನೀರಿಲ್ಲ. ಮೇಲಿನ ಕೊಳೆತ ಕಲ್ಲಿನಲ್ಲಿ, ಬಿರುಕಿನಲ್ಲಿ ಇದ್ದರೆ ಇತ್ತು. ಬಿರುಕು ತಪ್ಪಿದರೆ ಎಷ್ಟು ಕೊರೆದರೂ ಬಂಡೆ. ಅಪ್ಪಿತಪ್ಪಿ ಆಳದಲ್ಲಿ ಸಿಕ್ಕಿದ್ದರಲ್ಲೂ ಫ್ಲೋರೈಡ್. ಹುಡುಗರ ಹಲ್ಲು ನೋಡಿದ್ದೀರಲ್ಲ? ಆ ಬಿರುಕು ಎಲ್ಲಿಲ್ಲ ಅಂತ ಈ ಜಿಲ್ಲೆಯ ಫೇಲಾದ ಬೋರುಗಳಷ್ಟು ಚೆನ್ನಾಗಿ ಇನ್ನು ಯಾರು ಹೇಳುತ್ತಿದ್ದರು? ಅದನ್ನೇ ಚಪ್ಪಡಿ ಎಳೆದು ಮುಚ್ಚಿದಿರಿ. ಕೆಲವು ಕಡೆ ಅದನ್ನೂ ಮಾಡದೆ ಮಕ್ಕಳು ಬಿದ್ದರು. ಬಾವಿ ನೋಂದಾಯಿಸಬೇಕು ಅಂತ 2011ರ ಕಾನೂನಿದೆ. ಎಷ್ಟು ಜನ ಬರೆಸಿದಿರಿ? ನಿಮ್ಮ ಭಾವ?

ನಾನು ಉತ್ತರ ಕೊಡಲಿಲ್ಲ. ಹುಡುಗ ಎರಡು ಲೋಟ ಕಾಫಿ ಹಿಡಿದು ಬಂದ.

“ಲೋ, ನಿಮ್ಮಪ್ಪನ ನಾಲ್ಕು ಬೋರನ್ನೂ ಇದಕ್ಕೆ ಹಾಕೋಕೆ ಆಗತ್ತಾ?”

“ಆಗತ್ತೆ ಮಾವ. ಜಾಗ, ಆಳ, ಎಷ್ಟನೇ ಅಡಿಗೆ ಯಾವ ಕಲ್ಲು, ಇಷ್ಟು ಸಾಕು. ನೀರಿನ ಖಾನೆಗೆ ಸೊನ್ನೆ ಹೊಡೀತೀನಿ.”

ಸೊನ್ನೆ ಅಂದದ್ದಕ್ಕೆ ಪರದೆಯಿಂದ ಈ ಸಲ ಆಕ್ಷೇಪ ಬರಲಿಲ್ಲ. ಹುಡುಗ ಅಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಭಾವ ತೋಟದಲ್ಲಿದ್ದರು.

“ಮೊದಲನೇದು ಎಂಟುನೂರು... ಇಲ್ಲ, ಒಂಬೈನೂರಿರಬೇಕು. ಎರಡನೇದು ನಿಮ್ಮಮ್ಮನಿಗೆ ಗೊತ್ತು, ಅವಳ ಸರ ಹೋದದ್ದು ಅದಕ್ಕೇ. ಮೂರನೇದು ಹುಣಸೆಮರದ ಪಕ್ಕ. ಅಲ್ಲ, ಆ ಮರ ಈಗಿಲ್ಲ. ಕಲ್ಲಾ? ಕಲ್ಲು ಯಾವುದಾದರೇನಪ್ಪ, ಪುಡಿ ಬೆಳ್ಳಗಿತ್ತು.”

“ನಾಲ್ಕನೇದು ಎಷ್ಟು ಅಡಿ ಅಪ್ಪ? ಹೋದ ವಾರದ್ದಲ್ವಾ?”

“ರಿಗ್‌ನೋನು ಸಾವಿರದ ನಾನೂರು ಅಂದ. ಬಿಲ್ ಕೊಡಲಿಲ್ಲ ಕಣೋ.”